ಆರ್ಮಿ ತಂಡದ 14 ಪಂದ್ಯಗಳು ಮತ್ತು ನಾಲ್ಕು ತಿಂಗಳ ಚಂದಾ: ಒಂದು ಕ್ರೀಡಾ ಆ್ಯಪ್‌ನ ವಿಮರ್ಶೆ

2024ರ ಆಗಸ್ಟ್ ಕೊನೆಯ ವಾರದಲ್ಲಿ, ತೋಟಕ್ಕೆ ಎರಡನೆಯ ಬಾರಿ ಬೋರ್ಡೋ ಬಿಟ್ಟು ಮುಗಿದ ದಿನ ಸಂಜೆ, ನಾನು ಒಂದು ಕ್ರೀಡಾ ಪ್ರಸಾರ ಆ್ಯಪ್‌ಗೆ ಚಂದಾ ಕಟ್ಟಿದೆ. ಅಮೆರಿಕದ ಭೂಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಕಾಲೇಜಿನ ಫುಟ್‌ಬಾಲ್ ತಂಡದ 2024ರ ಸೀಸನ್ನನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂಬುದೊಂದೇ ನನ್ನ ಉದ್ದೇಶವಾಗಿತ್ತು. ಆ ತಂಡವನ್ನು ಅಲ್ಲಿ ಎಲ್ಲರೂ ಆರ್ಮಿ ಎಂದೇ ಕರೆಯುತ್ತಾರೆ. ಸೀಸನ್ ಮುಗಿದಿದೆ, ಚಂದಾದ ಅವಧಿಯೂ ಮುಗಿದಿದೆ. ಕಾಸರಗೋಡಿನ ಒಳನಾಡಿನ ಒಂದು ಮನೆಯಲ್ಲಿ ಕುಳಿತು ಇದನ್ನು ನೋಡಿದವನ ಅನುಭವ ಬೇರೆ ಕೆಲವರಿಗೂ ಉಪಯೋಗವಾದೀತು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಆ್ಯಪ್‌ನ ಹೆಸರನ್ನು ಬರೆಯುವುದಿಲ್ಲ. ಇಂಥ ಸೇವೆಗಳು ಹಲವು ಇವೆ, ಪ್ರಸಾರದ ಹಕ್ಕುಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ನಾನು ಹೇಳುವ ಗುಣವನ್ನೂ ದೋಷವನ್ನೂ ನೀವು ಹಣ ಕೊಡಲು ಹೊರಟ ಯಾವುದೇ ಸೇವೆಯಲ್ಲಿ ಹುಡುಕಿ ನೋಡಬಹುದು.

ನನಗೆ ಈ ಹುಚ್ಚು ಹತ್ತಿದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ನಾನು 17 ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು, ಯೂನಿಟ್ ತಂಡದಲ್ಲಿ ಸ್ಟಾಪರ್ ಬ್ಯಾಕ್ ಆಗಿ ಆಡಿದವನು. ನಾವು ಆಡಿದ್ದು ಕಾಲಿನ ಫುಟ್‌ಬಾಲ್, ಇದು ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅಣ್ಣನ ಮಗ ನ್ಯೂಯಾರ್ಕ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಹಡ್ಸನ್ ನದಿಯ ದಂಡೆಯ ಮೇಲಿರುವ ವೆಸ್ಟ್ ಪಾಯಿಂಟ್‌ಗೆ ಕರೆದುಕೊಂಡು ಹೋದ. 1802ರಲ್ಲಿ ಸ್ಥಾಪನೆಯಾದ ಆ ಕಾಲೇಜಿನ ಕಲ್ಲಿನ ಕಟ್ಟಡಗಳನ್ನೂ, ಬೂದು ಬಣ್ಣದ ಸಮವಸ್ತ್ರ ತೊಟ್ಟು ಹೆಜ್ಜೆ ಹಾಕುವ ಕೆಡೆಟ್‌ಗಳನ್ನೂ, ಗುಡ್ಡದ ಮೇಲಿನ ಮೈಕಿ ಸ್ಟೇಡಿಯಮ್ಮನ್ನೂ ನೋಡಿದೆ. ಸುಮಾರು 4,400 ಕೆಡೆಟ್‌ಗಳಿರುವ ಕಾಲೇಜು ಅದು. ಅಲ್ಲಿ ಆಡುವ ಹುಡುಗನೂ ಬೆಳಗ್ಗೆ ಎದ್ದು ಸಾಲಿನಲ್ಲಿ ನಿಲ್ಲಬೇಕು, ತರಗತಿಗೆ ಹೋಗಬೇಕು, ಪದವಿ ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೇನೆಯಲ್ಲಿ ದುಡಿಯಬೇಕು. ನಮ್ಮ ಜಿಲ್ಲೆಯ ದಕ್ಷಿಣದ ಗಡಿ ದಾಟಿದ ಕೂಡಲೇ ಪಯ್ಯನ್ನೂರಿನ ಹತ್ತಿರ ಏಳಿಮಲದ ನೌಕಾ ಅಕಾಡೆಮಿ ಇದೆ. ರೈಲಿನಲ್ಲಿ ಹೋಗುವಾಗ ಆ ಗುಡ್ಡ ಕಂಡರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅಂಥವನಿಗೆ ವೆಸ್ಟ್ ಪಾಯಿಂಟ್‌ನ ಹುಡುಗರು ಪರಕೀಯರಾಗಿ ಕಾಣಲಿಲ್ಲ.

ಮೊದಲು ಹಣದ ವಿಷಯ. ತಿಂಗಳ ಚಂದಾ ಒಂದು ಕಿಲೋ ಒಳ್ಳೆಯ ಚಾಲಿ ಅಡಿಕೆಯ ಬೆಲೆಗಿಂತ ಸ್ವಲ್ಪ ಹೆಚ್ಚು. ವರ್ಷದ ಚಂದಾ ಲೆಕ್ಕದಲ್ಲಿ ಅಗ್ಗವೆಂದು ತೋರಿಸುತ್ತಾರೆ. ಆದರೆ ಕಾಲೇಜು ಫುಟ್‌ಬಾಲ್ ಆಗಸ್ಟ್ ಕೊನೆಗೆ ಆರಂಭವಾಗಿ ಹೆಚ್ಚಿನ ತಂಡಗಳಿಗೆ ಡಿಸೆಂಬರಿನಲ್ಲೇ ಮುಗಿದುಹೋಗುವುದರಿಂದ ತಿಂಗಳ ಲೆಕ್ಕದಲ್ಲಿ ಕಟ್ಟುವುದೇ ಲಾಭ. ಚಿತ್ರದ ಗುಣಮಟ್ಟ ಚೆನ್ನಾಗಿತ್ತು. ನಮ್ಮ ಫೈಬರ್ ಸಂಪರ್ಕದಲ್ಲಿ ಟಿವಿಯ ಮೇಲೆ ತಡೆಯಿಲ್ಲದೆ ಬಂತು. ಮೊಬೈಲಿನಲ್ಲಿ ಡೇಟಾ ಬೇಗ ಖಾಲಿಯಾಗುತ್ತಿತ್ತು. ಅಕ್ಟೋಬರಿನ ತುಲಾ ಮಳೆಯ ರಾತ್ರಿಗಳಲ್ಲಿ ಗುಡುಗು ಆರಂಭವಾದ ಕೂಡಲೇ ಮೋಡೆಮ್ ಮತ್ತು ಟಿವಿ ಎರಡರ ಪ್ಲಗ್ಗನ್ನೂ ಎಳೆದಿಡಬೇಕಾದ ನಮ್ಮ ಊರಿನಲ್ಲಿ, ನೇರ ಪ್ರಸಾರ ಎಷ್ಟು ಚೆನ್ನಾಗಿದ್ದರೂ ಸಾಲದು. ತಪ್ಪಿದ ಪಂದ್ಯವನ್ನು ಮರುದಿನ ಪೂರ್ತಿಯಾಗಿ ನೋಡುವ ವ್ಯವಸ್ಥೆ ಇರಲೇಬೇಕು. ಈ ಆ್ಯಪ್‌ನಲ್ಲಿ ಅದು ಇದೆ, ಮತ್ತು ನಾನು ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಅದರಿಂದಲೇ.

ಸಮಯದ ಪಟ್ಟಿಯನ್ನು ಮಾತ್ರ ನಂಬಬೇಡಿ. ಆ್ಯಪ್ ಎಲ್ಲ ಪಂದ್ಯಗಳನ್ನೂ ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ ತೋರಿಸುತ್ತದೆ, ನಮ್ಮ ಸಮಯಕ್ಕೆ ಬದಲಾಯಿಸುವ ಅವಕಾಶವಿಲ್ಲ. ಅಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಆರಂಭವಾಗುವ ಪಂದ್ಯ ನಮಗೆ ರಾತ್ರಿ 9.30ಕ್ಕೆ. ನವೆಂಬರ್ 3ರಂದು ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಪಂದ್ಯ 10.30ಕ್ಕೆ. ಇದು ತಿಳಿಯದೆ ನಾನು ಒಂದು ರಾತ್ರಿ ಊಟ ಬೇಗ ಮುಗಿಸಿ ಖಾಲಿ ಪರದೆಯ ಮುಂದೆ ಒಂದು ಗಂಟೆ ಕುಳಿತಿದ್ದೆ. ಆ ನಂತರ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಎಲ್ಲ ಪಂದ್ಯಗಳ ಭಾರತೀಯ ಸಮಯವನ್ನು ನಾನೇ ಬರೆದಿಟ್ಟುಕೊಂಡೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆರ್ಮಿಯ ಆಟ ಹೇಗಿರುತ್ತದೆ ಎಂಬುದು ಗೊತ್ತಾಗದಿದ್ದರೆ ಈ ಆ್ಯಪ್‌ನ ಒಳಿತು ಕೆಡುಕು ಅರ್ಥವಾಗುವುದಿಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದೊಂದು ಕಡೆಗೆ 11 ಮಂದಿ, ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜ ಮೈದಾನ, ತಲಾ 15 ನಿಮಿಷದ ನಾಲ್ಕು ಭಾಗ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೆಚ್ಚಿನ ತಂಡಗಳು ಚೆಂಡನ್ನು ದೂರಕ್ಕೆ ಎಸೆದು ಒಮ್ಮೆಗೇ 20, 30 ಗಜ ಗಳಿಸಲು ನೋಡುತ್ತವೆ. ಆರ್ಮಿ ಹಾಗಲ್ಲ. ಆಕ್ರಮಣವನ್ನು ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಚೆಂಡು ಕೈಗೆ ಬಂದ ಕ್ಷಣದಲ್ಲಿ ಎದುರಿನ ಒಬ್ಬ ರಕ್ಷಕನ ಮೇಲೆ ಕಣ್ಣಿಟ್ಟು, ಅವನು ಯಾವ ಕಡೆಗೆ ವಾಲುತ್ತಾನೆ ಎಂದು ನೋಡಿ, ಚೆಂಡನ್ನು ನಡುವೆ ನುಗ್ಗುವ ಫುಲ್‌ಬ್ಯಾಕ್‌ಗೆ ಕೊಡುವುದೋ, ತಾನೇ ಹಿಡಿದು ಓಡುವುದೋ, ಬದಿಯಲ್ಲಿ ಬರುವವನಿಗೆ ಹಾರಿಸುವುದೋ ಎಂದು ನಿರ್ಧರಿಸುತ್ತಾನೆ. ಇದನ್ನು ಆಪ್ಷನ್ ಆಟ ಎನ್ನುತ್ತಾರೆ. ಗಳಿಕೆ ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. ಬೇರೆ ಕಾಲೇಜುಗಳಿಗೆ ಸಿಗುವ ದೈತ್ಯ ದೇಹದ ಆಟಗಾರರು ಸೇನಾ ಕಾಲೇಜಿಗೆ ಸಿಗುವುದು ಕಷ್ಟ. ಇರುವವರ ಶಿಸ್ತು ಮತ್ತು ಹೊಂದಾಣಿಕೆಯಿಂದಲೇ ಗೆಲ್ಲಬೇಕಾದವರಿಗೆ ಈ ದಾರಿ ಹಿಡಿಸುತ್ತದೆ. 2014ರಿಂದ ತರಬೇತುದಾರರಾಗಿರುವ ಜೆಫ್ ಮಾಂಕನ್ ಇದನ್ನೇ ನೆಚ್ಚಿಕೊಂಡು ಬಂದವರು.

ತಂಗಿಯ ಮಗ ಊರಿನ ಕ್ಲಬ್ಬಿಗೆ ಸೆವೆನ್ಸ್, ಎಂದರೆ ಏಳು ಮಂದಿಯ ಫುಟ್‌ಬಾಲ್, ಆಡುವ ಹುಡುಗ. ಮೊದಲ ರಾತ್ರಿ ನನ್ನ ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ನೋಡಿ, "ಮಾವ, ಚೆಂಡು ಕೈಯಲ್ಲಿ ಹಿಡ್ಕೊಂಡು ಓಡುದಕ್ಕೆ ಫುಟ್‌ಬಾಲ್ ಅಂತ ಎಂತಕ್ಕೆ ಹೇಳುದು?" ಎಂದು ಕೇಳಿದ. ನಾಲ್ಕನೆಯ ಪಂದ್ಯದ ಹೊತ್ತಿಗೆ, ಚೆಂಡು ಎಲ್ಲಿದೆ ಎಂದು ನೋಡುವುದನ್ನು ಬಿಟ್ಟು, ದಾರಿ ಬಿಡಿಸುವ ಐದು ಮಂದಿಯ ಸಾಲು ಹೇಗೆ ಒಟ್ಟಿಗೆ ಎದ್ದು ಒಟ್ಟಿಗೆ ತಳ್ಳುತ್ತದೆ ಎಂಬುದನ್ನು ಅವನು ನೋಡತೊಡಗಿದ್ದ. ತೃಕ್ಕರಿಪುರದ ಕಡೆಯ ಮೈದಾನಗಳಲ್ಲಿ ದೊಡ್ಡ ಆಟಗಾರರನ್ನು ಕಂಡು ಬೆಳೆದ ಹುಡುಗನ ಕಣ್ಣು ಅದು. ಆಟ ಯಾವುದಾದರೂ ಬೇಗ ಹಿಡಿಯುತ್ತದೆ.

ಈ ಆ್ಯಪ್ ಪ್ರತಿ ಪಂದ್ಯವನ್ನೂ ಎರಡು ರೂಪದಲ್ಲಿ ಇಡುತ್ತದೆ: ಹತ್ತು ನಿಮಿಷದೊಳಗಿನ ಮುಖ್ಯಾಂಶ ಮತ್ತು ಪೂರ್ತಿ ಪಂದ್ಯ. ತೆರೆದ ಕೂಡಲೇ ಎದುರಿಗೆ ಬರುವುದು ಮುಖ್ಯಾಂಶ. ಪೂರ್ತಿ ಪಂದ್ಯ ಬೇಕಾದರೆ ಮೂರು ಪುಟ ಒಳಗೆ ಹೋಗಬೇಕು. ನವೆಂಬರ್ 9ರ ನಾರ್ತ್ ಟೆಕ್ಸಸ್ ಪಂದ್ಯ ನಮಗೆ ನಡುರಾತ್ರಿ ಕಳೆದ ಮೇಲೆ ಇದ್ದುದರಿಂದ ನಾನು ಮಲಗಿ, ಬೆಳಗ್ಗೆ ಕಾಫಿಯ ಹೊತ್ತಿಗೆ ಮುಖ್ಯಾಂಶ ಹಾಕಿದೆ. 14-3ರಿಂದ ಆರ್ಮಿ ಗೆದ್ದಿದೆ. ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು), ನಾಲ್ಕೈದು ಓಟ, ಮುಗಿಯಿತು. ಮಂಕು ಪಂದ್ಯ ಎಂದುಕೊಂಡೆ. ಸಂಜೆ ಬೇರೆ ಕೆಲಸವಿಲ್ಲದ್ದರಿಂದ ಪೂರ್ತಿ ಪಂದ್ಯ ಹಾಕಿ ಕುಳಿತಾಗ ನಿಜ ಸಂಗತಿ ತಿಳಿಯಿತು. ಆ ಪಂದ್ಯದಲ್ಲಿ ಆರ್ಮಿ ತನ್ನ ಗೋಲ್ ಗೆರೆಯಿಂದ ಆರೇ ಗಜ ದೂರದಲ್ಲಿ ಚೆಂಡು ಪಡೆದು, 21 ಪ್ಲೇಗಳಲ್ಲಿ, ಎಂದರೆ 21 ಪ್ರಯತ್ನಗಳಲ್ಲಿ, 94 ಗಜ ನಡೆದು ಟಚ್‌ಡೌನ್ ಗಳಿಸಿತ್ತು. ಅದಕ್ಕೆ ತೆಗೆದುಕೊಂಡ ಸಮಯ 13 ನಿಮಿಷ 54 ಸೆಕೆಂಡು. ಪಂದ್ಯದ ಒಂದು ಭಾಗವೇ 15 ನಿಮಿಷ ಎಂಬುದನ್ನು ನೆನಪಿಡಿ. ಅಷ್ಟು ಹೊತ್ತು ಎದುರಾಳಿಯ ಆಕ್ರಮಣದ ಆಟಗಾರರು ಬದಿಯ ಬೆಂಚಿನಲ್ಲಿ ಕುಳಿತು ನೋಡುತ್ತಲೇ ಇರಬೇಕಾಯಿತು.

ಆ ಭಾಗವನ್ನು ನಾನು ಮೂರು ಬಾರಿ ನೋಡಿದ್ದೇನೆ. ಒಂದೊಂದು ಪ್ಲೇ ಮುಗಿದಾಗಲೂ ರಾಶಿ ಬಿದ್ದ ದೇಹಗಳ ಕೆಳಗಿನಿಂದ ಚೆಂಡು ಹಿಡಿದವನು ಎದ್ದು ಬರುತ್ತಾನೆ, ಚೆಂಡನ್ನು ಅಂಪೈರ್ ಕೈಗೆ ಕೊಡುತ್ತಾನೆ, ಓಡಿ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ. ಎದೆ ತಟ್ಟಿಕೊಳ್ಳುವುದಿಲ್ಲ. ಹತ್ತನೆಯ ಪ್ಲೇ ದಾಟಿದ ಮೇಲೆ ಎದುರಾಳಿಯ ರಕ್ಷಕರು ಸೊಂಟದ ಮೇಲೆ ಕೈಯಿಟ್ಟು ನಿಲ್ಲತೊಡಗುತ್ತಾರೆ. ಹದಿನೈದು ದಾಟಿದಾಗ ಅವರು ಏಳುವುದೇ ನಿಧಾನವಾಗುತ್ತದೆ. ಆರ್ಮಿಯ ಸಾಲು ಮಾತ್ರ ಮೊದಲ ಪ್ಲೇಯಲ್ಲಿ ಕೈ ನೆಲಕ್ಕೂರಿ ಬಗ್ಗಿದ ಹಾಗೆಯೇ ಬಗ್ಗುತ್ತದೆ. ಇದರಲ್ಲಿ ಯಾವ ಒಂದು ತುಣುಕನ್ನು ತೆಗೆದು ತೋರಿಸಿದರೂ ಅದು ಏನೂ ಅಲ್ಲ, ಮೂರು ಗಜದ ಒಂದು ಓಟ, ಅಷ್ಟೆ. 21 ಸೇರಿದಾಗಲೇ ಅದಕ್ಕೊಂದು ಅರ್ಥ. ಮುಖ್ಯಾಂಶ ತಯಾರಿಸಿದವರು ಕೊನೆಯದೊಂದನ್ನು ಇಟ್ಟುಕೊಂಡು ಉಳಿದ ಇಪ್ಪತ್ತನ್ನು ಕತ್ತರಿಸಿದ್ದರು. ದಿನವಿಡೀ ಗುದ್ದಲಿ ಹಿಡಿದು ಗಟ್ಟಿ ಮುರಕಲ್ಲಿನಲ್ಲಿ ಕಣಿ ತೋಡಿದವನ ಕೆಲಸದಲ್ಲಿ ಕೊನೆಯ ಒಂದು ಏಟನ್ನು ಮಾತ್ರ ತೋರಿಸಿದ ಹಾಗಾಯಿತು.

ಆ ಕಾರಣಕ್ಕೆ ನನ್ನ ತೀರ್ಪು ಹೀಗಿದೆ: ಮುಖ್ಯಾಂಶ ನೋಡಲಿಕ್ಕಾಗಿ ಈ ಚಂದಾ ಕಟ್ಟಬೇಡಿ, ಆರ್ಮಿಯಂಥ ತಂಡಕ್ಕಂತೂ ಖಂಡಿತ ಬೇಡ. ಪೂರ್ತಿ ಪಂದ್ಯಗಳ ಸಂಗ್ರಹಕ್ಕಾಗಿ ಕಟ್ಟುವುದಾದರೆ ಹಣ ದಂಡವಲ್ಲ. ಈ ಸೀಸನ್ನಿನ ಕೊನೆಗೆ ದೇಶದ ಅತ್ಯುತ್ತಮ ಆಕ್ರಮಣ ಸಾಲಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಆರ್ಮಿಗೆ ಬಂತು. ಅದು ಒಬ್ಬನಿಗಲ್ಲ, ಇಡೀ ಸಾಲಿಗೆ ಸಲ್ಲುವ ಪ್ರಶಸ್ತಿ. ಚೆಂಡನ್ನು ಮುಟ್ಟದೆಯೇ ಪಂದ್ಯ ಗೆಲ್ಲಿಸುವವರಿಗೆ ಸಲ್ಲುವ ಪ್ರಶಸ್ತಿ. ಮುಖ್ಯಾಂಶಗಳನ್ನಷ್ಟೇ ನೋಡಿದವರಿಗೆ ಆ ಹುಡುಗರು ಏನು ಮಾಡಿದರು ಎಂಬುದೇ ತಿಳಿಯಲಾರದು. ಓಡಿದವನ ಹೆಸರು ಎಲ್ಲರಿಗೂ ತಿಳಿಯಿತು: ಟೆಕ್ಸಸ್‌ನ ಅಬರ್ನಾಥಿ ಎಂಬ ಸಣ್ಣ ಊರಿನಿಂದ ಬಂದ ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ. ಸೀಸನ್ನಿನಲ್ಲಿ ತಾನೇ ಓಡಿ 32 ಟಚ್‌ಡೌನ್ ಗಳಿಸಿದ, ಕಾಲೇಜು ಫುಟ್‌ಬಾಲಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಆರನೆಯವನಾದ. ನವೆಂಬರ್ 2ರಂದು ಏರ್ ಫೋರ್ಸ್ ವಿರುದ್ಧ ಅವನು ಆಡಲಾಗದಿದ್ದಾಗ ಡಿವೇನ್ ಕೋಲ್ಮನ್ ಎಂಬ ಇನ್ನೊಬ್ಬ ಆ ಜಾಗಕ್ಕೆ ಬಂದ, ಆರ್ಮಿ 20-3ರಿಂದ ಗೆದ್ದಿತು. ಸಾಲು ಗಟ್ಟಿಯಾಗಿದ್ದರೆ ಹಿಂದೆ ಯಾರು ಓಡಿದರೂ ದಾರಿ ತೆರೆಯುತ್ತದೆ ಎಂಬುದನ್ನು ಆ ಪಂದ್ಯದಲ್ಲಿ ಕಣ್ಣಾರೆ ಕಂಡೆ.

ಉಳಿದ ಪಂದ್ಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆಗಸ್ಟ್ 30ರಂದು ಲೀಹೈ ವಿರುದ್ಧ 42-7ರಿಂದ ಆರಂಭಿಸಿ ಆರ್ಮಿ ಸತತ ಒಂಬತ್ತು ಗೆದ್ದಿತು. ನವೆಂಬರ್ 23ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್ಮಿನಲ್ಲಿ ನಾಟರ್ ಡೇಮ್ ಎದುರು 49-14ರಿಂದ ಸೋತಿತು. ನಮಗೆ ಭಾನುವಾರ ಬೆಳಗ್ಗೆ 5.30ರ ಪಂದ್ಯ ಅದು. ಹಾಲು ಕರೆಯುವ ಹೊತ್ತಿಗೆ ಸೋಲು ಖಚಿತವಾಗಿತ್ತು. 1946ರಲ್ಲಿ ಇದೇ ಯಾಂಕಿ ಸ್ಟೇಡಿಯಮ್ಮಿನಲ್ಲಿ ಇದೇ ಎರಡು ತಂಡಗಳು 0-0 ಸಮನಾಗಿದ್ದವು ಎಂಬುದನ್ನು ವೀಕ್ಷಕ ವಿವರಣೆಯಿಂದ ತಿಳಿದೆ. ಅಂಥ ಹಳೆಯ ಸಂಗತಿಗಳನ್ನು ಹೇಳುವುದರಲ್ಲಿ ವಿವರಣೆಕಾರರು ಜಾಣರು, ಆದರೆ ಅವರ ಇಂಗ್ಲಿಷಿನ ವೇಗ ನನಗೆ ಕೊನೆಯವರೆಗೂ ಕಷ್ಟವೇ ಆಯಿತು. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಮಾತು ಬರುವ ಸೌಲಭ್ಯ ನೇರ ಪ್ರಸಾರದಲ್ಲಿ ಇದೆ, ಮರುಪ್ರಸಾರದಲ್ಲಿ ಇಲ್ಲ. ನಮ್ಮಂಥವರಿಗೆ ಬೇಕಾದದ್ದು ಮರುಪ್ರಸಾರದಲ್ಲೇ. ಇದನ್ನು ಸರಿಪಡಿಸುವಂತೆ ಸೇವಾ ವಿಭಾಗಕ್ಕೆ ಎರಡು ಬಾರಿ ಬರೆದೆ. ಎರಡು ಬಾರಿಯೂ ಒಂದೇ ಒಕ್ಕಣೆಯ ಧನ್ಯವಾದ ಪತ್ರ ಬಂತು.

ಡಿಸೆಂಬರ್ 6ರ ಟುಲೇನ್ ಪಂದ್ಯಕ್ಕಾಗಿಯೇ ನಾಲ್ಕು ತಿಂಗಳ ಚಂದಾ ಕಟ್ಟಿದ್ದರೂ ನನಗೆ ಬೇಸರವಿರುತ್ತಿರಲಿಲ್ಲ. ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಒಕ್ಕೂಟದ ಫೈನಲ್, ಮೈಕಿ ಸ್ಟೇಡಿಯಮ್ಮಿನಲ್ಲೇ. ಆ ಸ್ಟೇಡಿಯಂ 1924ರಲ್ಲಿ ಆರಂಭವಾದದ್ದು, ಸರಿಯಾಗಿ ನೂರು ವರ್ಷ. ನಮಗೆ ಶನಿವಾರ ಬೆಳಗ್ಗೆ 6.30. ಅಂಗಳದಲ್ಲಿ ಅಡಿಕೆ ಹರಡುವ ಕೆಲಸವನ್ನು ಮನೆಯವಳು ಅಂದು ಒಬ್ಬಳೇ ಆರಂಭಿಸಿದಳು, ನನ್ನನ್ನು ಕರೆಯಲಿಲ್ಲ. 1890ರಿಂದ ಫುಟ್‌ಬಾಲ್ ಆಡುತ್ತಿರುವ ಈ ಕಾಲೇಜು ಹೆಚ್ಚಿನ ಕಾಲ ಯಾವ ಕಾನ್ಫರೆನ್ಸಿಗೂ ಸೇರದೆ ಸ್ವತಂತ್ರವಾಗಿ ಆಡಿದ್ದು. 1944, 1945ರ ರಾಷ್ಟ್ರೀಯ ಚಾಂಪಿಯನ್ ತಂಡವಾದರೂ ಕಾನ್ಫರೆನ್ಸ್ ಪ್ರಶಸ್ತಿ ಒಂದೂ ಇರಲಿಲ್ಲ. ಹೊಸ ಕಾನ್ಫರೆನ್ಸಿಗೆ ಸೇರಿದ ಮೊದಲ ವರ್ಷವೇ 35-14ರಿಂದ ಗೆದ್ದು ಅದನ್ನು ಪಡೆಯಿತು. ಡೇಲಿ ನಾಲ್ಕು ಬಾರಿ ಗೆರೆ ದಾಟಿದ. ಪ್ರಸಾರದಲ್ಲಿ ಒಂದು ಸೆಕೆಂಡಿನ ತಡೆಯೂ ಬರಲಿಲ್ಲ. ಕಾವಲು ಕೆಲಸ ಮಾಡಿದ ಸೈನಿಕನ ಹಾಗೆ ಉಸಿರು ಬಿಗಿಹಿಡಿದು ಕುಳಿತಿದ್ದ ನಾನು, ಕೊನೆಯ ನಿಮಿಷದಲ್ಲಿ ಎದ್ದು ನಿಂತುಬಿಟ್ಟೆ.

ಈ ಆ್ಯಪ್ ಮೇಲಿನ ನನ್ನ ದೊಡ್ಡ ದೂರು ಅದರ ಮುಂದಿನ ವಾರದ್ದು. ಡಿಸೆಂಬರ್ 14, ಆರ್ಮಿ ಮತ್ತು ನೇವಿ, ಭೂಸೇನೆಯ ಕಾಲೇಜು ಮತ್ತು ನೌಕಾಪಡೆಯ ಕಾಲೇಜು, 125ನೆಯ ಮುಖಾಮುಖಿ. ನಮಗೆ ಭಾನುವಾರ ಬೆಳಗಿನ ಜಾವ 1.30. ತಂಗಿಯ ಮಗನೂ ಪಕ್ಕದ ಮನೆಯ ಮಾಸ್ಟ್ರೂ ನನ್ನೊಡನೆ ಎಚ್ಚರವಾಗಿ ಕುಳಿತಿದ್ದರು. ಪಂದ್ಯಕ್ಕೆ ಮೊದಲು ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ಮೈದಾನಕ್ಕೆ ಮೆರವಣಿಗೆಯಲ್ಲಿ ಬರುವುದನ್ನು ಆ್ಯಪ್ ತೋರಿಸಲೇ ಇಲ್ಲ. ನೇರವಾಗಿ ಆಟಕ್ಕೆ ಬಂತು. ಅದನ್ನು ಹೇಗೋ ಸಹಿಸಿದೆವು. ಪಂದ್ಯವನ್ನು ಆರ್ಮಿ 31-13ರಿಂದ ಸೋತಿತು. ನೇವಿಯ ಕ್ವಾರ್ಟರ್‌ಬ್ಯಾಕ್ ಬ್ಲೇಕ್ ಹೋರ್ವತ್ ಅಂದು ಬಹಳ ಚೆನ್ನಾಗಿ ಆಡಿದ. ಪಂಟ್ ಮಾಡುವ, ಎಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ, ಹಾಗೆ ನಟಿಸಿ ಲ್ಯಾಂಡನ್ ರಾಬಿನ್‌ಸನ್ ಎಂಬ ಭಾರೀ ದೇಹದ ರಕ್ಷಕನೇ ಚೆಂಡು ಹಿಡಿದು 29 ಗಜ ಓಡಿದಾಗ ಮಾಸ್ಟ್ರು, "ಇನ್ನು ಇಲ್ಲ ಮಾರಾಯ್ರೆ" ಎಂದರು. ಇಲ್ಲವೇ ಆಯಿತು.

ಆದರೆ ಈ ಪಂದ್ಯ ಸಮಯ ಮುಗಿದಾಗ ಮುಗಿಯುವುದಿಲ್ಲ. ಆಟ ನಿಂತ ಮೇಲೆ ಎರಡೂ ತಂಡಗಳ ಆಟಗಾರರು ಮೊದಲು ಸೋತ ಕಾಲೇಜಿನ ವಿದ್ಯಾರ್ಥಿಗಳ ಎದುರು ಹೋಗಿ, ಒಟ್ಟಿಗೆ ನಿಂತು, ಆ ಕಾಲೇಜಿನ ಗೀತೆಗೆ ಗೌರವ ಸಲ್ಲಿಸುತ್ತಾರೆ. ಆ ಮೇಲೆ ಗೆದ್ದವರ ಕಡೆಗೆ ಹೋಗಿ ಅವರ ಗೀತೆ. ಗೆಲ್ಲುವುದೆಂದರೆ ಎರಡನೆಯದಾಗಿ ಹಾಡುವುದು. ಸೋತವನ ಪಕ್ಕದಲ್ಲಿ ಗೆದ್ದವನು ಹೆಲ್ಮೆಟ್ ತೆಗೆದು ಸುಮ್ಮನೆ ನಿಲ್ಲುವ ಆ ಎರಡು ನಿಮಿಷ, ಮುಂದೆ ಒಂದೇ ದೇಶಕ್ಕಾಗಿ ಒಟ್ಟಿಗೆ ಹೋಗಬೇಕಾದವರು ಅವರು ಎಂಬುದನ್ನು ಬೇರೆ ಯಾವ ಮಾತೂ ಇಲ್ಲದೆ ತಿಳಿಸುತ್ತದೆ. ನಾನು ಆ ಹುಡುಗನಿಗೆ ಇದನ್ನು ಮೊದಲೇ ಹೇಳಿ, ಇದೊಂದನ್ನು ನೋಡಿಯೇ ಮಲಗಬೇಕು ಎಂದು ಕೂರಿಸಿದ್ದೆ. ಗಡಿಯಾರ ಸೊನ್ನೆಗೆ ಬಂದ ಕೂಡಲೇ ಆ್ಯಪ್ ಪ್ರಸಾರ ನಿಲ್ಲಿಸಿ ಮುಂದಿನ ಕಾರ್ಯಕ್ರಮದ ಜಾಹೀರಾತು ಹಾಕಿತು. ಮರುದಿನ ಪೂರ್ತಿ ಪಂದ್ಯದ ಮರುಪ್ರಸಾರ ತೆಗೆದು ನೋಡಿದರೆ ಅದೂ ಅಲ್ಲಿಗೇ ಕತ್ತರಿಸಿತ್ತು. ಪೂರ್ತಿ ಪಂದ್ಯ ಎಂಬ ಹೆಸರಿಟ್ಟು ಹಣ ಪಡೆಯುವವರು ಈ ಪಂದ್ಯದ ಪೂರ್ತಿ ಎಲ್ಲಿಯವರೆಗೆ ಎಂಬುದನ್ನು ತಿಳಿದಿರಬೇಕಿತ್ತು. ಸೋಲಿಗಿಂತ ಹೆಚ್ಚು ಅದು ನನ್ನ ಮನಸ್ಸನ್ನು ನೋಯಿಸಿತು. ಕೊನೆಗೆ ಅಣ್ಣನ ಮಗ ತನ್ನ ಮನೆಯ ಟಿವಿಯಿಂದ ಮೊಬೈಲಿನಲ್ಲಿ ಹಿಡಿದ ತುಣುಕನ್ನು ವಾಟ್ಸಾಪಿನಲ್ಲಿ ಕಳುಹಿಸಿದ. ಚಿತ್ರ ಅಲುಗಾಡುತ್ತಿತ್ತು, ನಡುವೆ ಅವನ ಮಗುವಿನ ಅಳು ಕೇಳುತ್ತಿತ್ತು. ನಾವು ಮೂವರೂ ಅದನ್ನೇ ನೋಡಿದೆವು.

ಕೊನೆಯ ಪಂದ್ಯ ಡಿಸೆಂಬರ್ 28ರ ಇಂಡಿಪೆಂಡೆನ್ಸ್ ಬೌಲ್ ಎಂಬ ಸೀಸನ್ ಕೊನೆಯ ವಿಶೇಷ ಪಂದ್ಯ, ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ. ಎದುರಾಳಿಯಾಗಬೇಕಿದ್ದ ಮಾರ್ಷಲ್ ತಂಡ ಹಿಂದೆ ಸರಿದು ಲೂಸಿಯಾನ ಟೆಕ್ ಬಂದಿದ್ದರೂ ಆ್ಯಪ್‌ನ ಪಟ್ಟಿಯಲ್ಲಿ ಪಂದ್ಯದ ದಿನದವರೆಗೂ ಮಾರ್ಷಲ್ ಹೆಸರೇ ಇತ್ತು. ಆರ್ಮಿ 27-6ರಿಂದ ಗೆದ್ದಿತು. 14 ಪಂದ್ಯಗಳಲ್ಲಿ 12 ಗೆಲುವು. ಒಂದು ಸೀಸನ್ನಿನಲ್ಲಿ 12 ಗೆಲುವು ಆ ತಂಡದ ಇತಿಹಾಸದಲ್ಲೇ ಮೊದಲು.

ಚಂದಾ ಕಟ್ಟುವವರಿಗೆ ಒಂದು ಸೂಚನೆ: ತಾನಾಗಿ ನವೀಕರಣವಾಗುವ ವ್ಯವಸ್ಥೆಯನ್ನು ಕೊನೆಯ ಪಂದ್ಯಕ್ಕೆ ಮೂರು ದಿನ ಮೊದಲೇ ನಿಲ್ಲಿಸಿ. ನಿಲ್ಲಿಸಿದ ಮೇಲೂ ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು. ನಾನು ನಿಲ್ಲಿಸಿದ್ದೇನೆ, ಮುಂದಿನ ಆಗಸ್ಟಿನಲ್ಲಿ ಮತ್ತೆ ಕಟ್ಟುತ್ತೇನೆ. ಅವಧಿ ಮುಗಿಯುವ ಹಿಂದಿನ ರಾತ್ರಿ ತಂಗಿಯ ಮಗ ತನ್ನ ಕ್ಲಬ್ಬಿನ ನಾಲ್ವರು ಹುಡುಗರನ್ನು ಕರೆದುಕೊಂಡು ಬಂದು, "ಮಾವ, ಆ ಇಪ್ಪತ್ತೊಂದು ಹಾಕಿ" ಎಂದ.